ಮೆಣಸಿನಕಾಯಿ ರೇಟು, ಹುಬ್ಬಳ್ಳಿ ಪ್ಲಾಟ್‌ಫಾರ್ಮು ಮತ್ತು ನಮ್ಮ ಕಂಪ್ಯೂಟರ್ ಲ್ಯಾಬು

ನಮ್ಮ ಶಾಲೆಯ ಮಕ್ಕಳಿಗೆ ಮೊಬೈಲ್ ಬಳಸೋದು ಯಾರೂ ಕಲಿಸಬೇಕಾಗಿಲ್ಲ. ಏಳನೇ ಕ್ಲಾಸು ದಾಟುವಷ್ಟರಲ್ಲಿ ರೀಲ್ಸ್ ಮಾಡುತ್ತಾರೆ, ಗೇಮ್ ಆಡುತ್ತಾರೆ, ಅಪ್ಪನ ಫೋನಿಗೆ ರೀಚಾರ್ಜ್ ಮಾಡಿಕೊಡುತ್ತಾರೆ. ಆದರೆ ಅದರಲ್ಲಿ ಬಂದದ್ದು ಖರೇನೋ ಸುಳ್ಳೋ ಅಂತ ಕೇಳಿ ನೋಡಿ. "ಮೊಬೈಲ್‌ನ್ಯಾಗ ಬಂದೈತ್ರಿ ಟೀಚರ್" ಅನ್ನುತ್ತಾರೆ. ಮುಗೀತು, ಅದರ ಮೇಲೆ ಮಾತಿಲ್ಲ.

ನಾನು ಬ್ಯಾಡಗಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಂಪ್ಯೂಟರ್ ಲ್ಯಾಬಿನ ಬೀಗದ ಕೈಯೂ ನನ್ನ ಹತ್ತಿರವೇ ಇದೆ. ಲ್ಯಾಬು ಅಂದರೆ ದೊಡ್ಡದೇನಲ್ಲ. ಕೆಲವು ಕಂಪ್ಯೂಟರು ನಡೆಯುತ್ತವೆ, ಕೆಲವು ಸುಮ್ನೆ ಕೂತಿವೆ. ಕರೆಂಟು ಮತ್ತು ನೆಟ್ಟು ಎರಡೂ ಒಟ್ಟಿಗೆ ಇರುವ ಪೀರಿಯಡ್ಡು ಸಿಕ್ಕರೆ ಅದೇ ಹಬ್ಬ. ಇಷ್ಟರಲ್ಲೇ ನಾನು ಏನು ಮಾಡಿದೆ ಅಂತ ಹೇಳುತ್ತೇನೆ.

ನಾನು ಹಿಡಿದ ದಾರಿ ಇದು: ಮಕ್ಕಳಿಗೆ ಮೊದಲೇ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಇಂಟರ್ನೆಟ್ಟಿನಲ್ಲಿ ಹುಡುಕಿಸೋದು. ಅಮೆಜಾನ್ ಕಾಡಿನ ಬಗ್ಗೆ ಕಂಪ್ಯೂಟರ್ ಏನು ಹೇಳಿದರೂ ಅವರು ನಂಬಲೇಬೇಕು, ತಪ್ಪು ಹಿಡಿಯೋಕೆ ಅವರ ಕೈಯಲ್ಲಿ ಏನೂ ಇಲ್ಲ. ಮೆಣಸಿನಕಾಯಿ ವಿಷಯ ಹಾಗಲ್ಲ. ಬ್ಯಾಡಗಿ ಸುತ್ತಮುತ್ತಲಿನ ಹುಡುಗರು ಮೆಣಸಿನಕಾಯಿ ಕಣದಲ್ಲೇ ಆಡಿ ಬೆಳೆದವರು.

ಹಾಗಾಗಿ ಮೊದಲ ಪಾಠಕ್ಕೆ ಬ್ಯಾಡಗಿ ಡಬ್ಬಿ, ಬ್ಯಾಡಗಿ ಕಡ್ಡಿ ಅನ್ನೋ ಎರಡು ತಳಿಯ ಮೆಣಸಿನಕಾಯಿ ಫೋಟೋ ಹುಡುಕಲು ಹೇಳಿದೆ. ರಾಶಿ ರಾಶಿ ಫೋಟೋ ಬಂದವು. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಹಿಂದಿನ ಬೆಂಚಿನ ಒಬ್ಬ ಎದ್ದು ಬಂದು ಸ್ಕ್ರೀನಿನ ಮೇಲೆ ಬೆರಳಿಟ್ಟ. "ಇದು ಬ್ಯಾಡಗಿ ಅಲ್ರಿ ಟೀಚರ್, ಗುಂಟೂರು. ಮೈ ನೋಡ್ರಿ, ನುಣ್ಣಗೈತಿ." ಬ್ಯಾಡಗಿ ಕಾಯಿ ಸುಕ್ಕು ಸುಕ್ಕಾಗಿರುತ್ತದೆ, ಬಣ್ಣ ಕಡುಕೆಂಪು. ಡಬ್ಬಿ ಗಿಡ್ಡಕ್ಕೆ, ದಪ್ಪಗೆ, ಒಳಗೆ ಬೀಜ ಜಾಸ್ತಿ. ಕಡ್ಡಿ ಉದ್ದಕ್ಕೆ, ಸಣ್ಣಗೆ, ಬೀಜ ಕಡಿಮೆ. ಇದೆಲ್ಲ ಅವರಿಗೆ ಬೆರಳ ತುದಿಯಲ್ಲಿ ಗೊತ್ತು. ಅವನು ಹೇಳಿದ್ದೇ ತಡ, ಉಳಿದವರೂ ಶುರು ಮಾಡಿದರು. ಡಬ್ಬಿ ಅಂತ ಹೆಸರು ಹಾಕಿ ಕಡ್ಡಿ ತೋರಿಸಿದ್ದು, ಬ್ಯಾಡಗಿ ಅಂತ ಹೇಳಿ ಇನ್ಯಾವುದೋ ಕಾಯಿ ಇಟ್ಟದ್ದು, ಒಂದೊಂದಾಗಿ ಹೆಕ್ಕಿದರು. ಮಾರೋ ಅಂಗಡಿಯವರ ಫೋಟೋನೂ ಬಿಡಲಿಲ್ಲ. ನಾನು ಒಂದೇ ಪ್ರಶ್ನೆ ಹಾಕಿದೆ: ನಿಮಗೆ ಗೊತ್ತಿರೋ ವಿಷಯದಲ್ಲೇ ಇಷ್ಟು ತಪ್ಪು ಇದ್ದರೆ, ಗೊತ್ತಿಲ್ಲದ ವಿಷಯದಲ್ಲಿ ಎಷ್ಟಿರಬಹುದು? ಉತ್ತರ ಬರೆಸಲಿಲ್ಲ.

ಎರಡನೆಯದು ಹುಬ್ಬಳ್ಳಿ ಪ್ಲಾಟ್‌ಫಾರ್ಮು. ಇದನ್ನು ಯಾವ ಶಾಲೆಯವರು ಬೇಕಾದರೂ ಮಾಡಬಹುದು. ಪ್ರಪಂಚದ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಯಾವುದು ಅಂತ ಹುಡುಕಿ ಅಂದೆ. ನಮ್ಮ ಕಡೆ ಹುಡುಗರಿಗೆ ಇದು ಬಾಯಿಪಾಠ, ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣ. ಆದರೆ ಹುಡುಕಿದರೆ ಗೋರಖ್‌ಪುರ ಅಂತಲೂ ಬರುತ್ತದೆ, ಖರಗ್‌ಪುರ ಅಂತಲೂ ಬರುತ್ತದೆ. ನಮ್ಮ ಲೈಬ್ರರಿಯ ಹಳೇ ಸಾಮಾನ್ಯ ಜ್ಞಾನದ ಪುಸ್ತಕದಲ್ಲೂ ಖರಗ್‌ಪುರವೇ ಇದೆ. ಹುಡುಗರಿಗೆ ಸಿಟ್ಟು ಬಂತು, ಪುಸ್ತಕವೇ ಸುಳ್ಳು ಅಂದರು. ಸುಳ್ಳಲ್ಲ. ಅದು ಬರೆದಾಗ ಖರಗ್‌ಪುರವೇ ಮುಂದಿತ್ತು. ಆಮೇಲೆ ಗೋರಖ್‌ಪುರ 1,366 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಕಟ್ಟಿ ಅದನ್ನು ಹಿಂದೆ ಹಾಕಿತು. ಹುಬ್ಬಳ್ಳಿಯದು ಉದ್ಘಾಟನೆ ಆದದ್ದು 2023ರ ಮಾರ್ಚ್ 12ರಂದು, ಉದ್ದ 1,507 ಮೀಟರ್. ಅಂದರೆ ಮೂರು ಉತ್ತರವೂ ಒಂದೊಂದು ಕಾಲಕ್ಕೆ ಸರಿ. ಆವತ್ತಿನಿಂದ ಯಾವ ಪುಟ ತೆಗೆದರೂ ಮೊದಲು ತಾರೀಖು ನೋಡಬೇಕು ಅಂತ ನಮ್ಮ ಲ್ಯಾಬಿನಲ್ಲಿ ನಿಯಮವಾಯಿತು. ತಾರೀಖೇ ಇಲ್ಲದ ಪುಟಕ್ಕೆ ಅರ್ಧ ಮಾರ್ಕು.

ಕೆಲವು ಕಡೆ 1,505 ಮೀಟರ್ ಅಂತಲೂ ಇದೆ. ಎರಡು ಮೀಟರ್ ಎಲ್ಲಿ ಹೋಯಿತು ಅಂತ ಒಬ್ಬಳು ಕೇಳಿದಳು. ಗಣಿತದ ಟೀಚರಿಗೆ ಅಂಥ ಪ್ರಶ್ನೆ ಬಂದರೆ ಎಷ್ಟು ಖುಷಿ ಅಲ್ವಾ!

ಇನ್ನು ಮೆಣಸಿನಕಾಯಿ ರೇಟು. ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ. ಸೀಸನ್ನಿನಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ "ಬ್ಯಾಡಗಿ ಮಾರುಕಟ್ಟೆಯಲ್ಲಿ ದಾಖಲೆ ದರ" ಅಂತ ಮೆಸೇಜು ಓಡಾಡುತ್ತದೆ. ಅದನ್ನು ನೋಡಿ ಅಪ್ಪಂದಿರು ಗಾಡಿಗೆ ಚೀಲ ಹೇರುತ್ತಾರೆ, ಅಲ್ಲಿ ಹೋದರೆ ಸಿಗೋದು ಬೇರೆ. ಸಂಜೆ ಮನೆಯಲ್ಲಿ ದಲಾಲರಿಗೆ ಬೈಗುಳ. ಮಕ್ಕಳು ಇದನ್ನೆಲ್ಲ ಕೇಳಿಸಿಕೊಂಡೇ ಮಲಗುತ್ತಾರೆ.

ರಾಜ್ಯದ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ಅನ್ನೋ ವೆಬ್‌ಸೈಟಿನಲ್ಲಿ ಮಾರುಕಟ್ಟೆವಾರು ದರ ಸಿಗುತ್ತದೆ. ಯಾವ ತಳಿ, ಎಷ್ಟು ಆವಕ, ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ ಎಲ್ಲ ಇರುತ್ತದೆ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ವ್ಯಾಪಾರ. ಆ ದಿನಗಳ ರೇಟನ್ನು ಮಕ್ಕಳು ಲೆಕ್ಕದ ಹಾಳೆ ಮಾಡೋ ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿ ತುಂಬಿಸುತ್ತಾ ಹೋದರು. ಡಬ್ಬಿಗೆ ಒಂದು ಹಾಳೆ, ಕಡ್ಡಿಗೆ ಒಂದು, ಗುಂಟೂರಿಗೆ ಒಂದು. ಗ್ರಾಫ್ ಎಳೆದಾಗ ಗರಿಷ್ಠ ದರದ ಗೆರೆ ಎಲ್ಲೋ ಮೇಲೆ ಹಾರುತ್ತಿತ್ತು, ಮೋಡಲ್ ದರದ ಗೆರೆ ಕೆಳಗೆ ಸಮಾಧಾನವಾಗಿ ಹೋಗುತ್ತಿತ್ತು. ಹತ್ತನೇ ಕ್ಲಾಸಿನ ಸಂಖ್ಯಾಶಾಸ್ತ್ರದಲ್ಲಿ ಬಹುಲಕ ಅಂತ ಬರುತ್ತದಲ್ಲ, ಅದೇ ಈ ಮೋಡಲ್. ಹೆಚ್ಚಿನ ಮಾಲು ಹೋದ ರೇಟು ಅದು. ವಾಟ್ಸಾಪಿನಲ್ಲಿ ಬರೋ ದಾಖಲೆ ದರ ಒಳ್ಳೇ ಡಬ್ಬಿಯ ಒಂದೋ ಎರಡೋ ಲಾಟಿಗೆ ಸಿಕ್ಕದ್ದು. ಮೆಸೇಜು ಸುಳ್ಳಲ್ಲ, ಆದರೆ ನಮ್ಮ ಚೀಲಕ್ಕೆ ಅದು ಸಂಬಂಧಪಟ್ಟದ್ದಲ್ಲ. ಈ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಎರಡು ಗೆರೆ ನೋಡಿದ ಮೇಲೆ ಹೇಳುವ ಕೆಲಸವೇ ಉಳಿಯಲಿಲ್ಲ.

ಕೆಲವು ಮಕ್ಕಳು ಮನೆಯಿಂದ ದಲಾಲಿ ಅಂಗಡಿಯ ಪಟ್ಟಿ, ಅಂದರೆ ಮಾರಾಟದ ಚೀಟಿ ತಂದು, ತಮ್ಮ ಕಾಯಿಗೆ ಬಂದ ರೇಟನ್ನು ಆ ದಿನದ ಗ್ರಾಫಿನ ಮೇಲೆ ಚುಕ್ಕೆ ಇಟ್ಟು ನೋಡಿದರು. ಆಗ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಂತೆ. ಪಟ್ಟಿ ತರಬಹುದು, ಆದರೆ ಹೆಸರು, ಫೋನ್ ನಂಬರು, ಬ್ಯಾಂಕಿನ ವಿವರ ಮುಚ್ಚಿ ತರಬೇಕು. ಯಾರ ಮನೆಗೆ ಎಷ್ಟು ದುಡ್ಡು ಬಂತು ಅನ್ನೋದು ಕ್ಲಾಸಿನ ಸುದ್ದಿ ಆಗಬಾರದು. ಯಾವುದನ್ನು ಹೊರಗೆ ತೋರಿಸಬಾರದು ಅನ್ನೋ ಪಾಠ ಅಲ್ಲೇ ಆಗಿಹೋಯಿತು, ಬೇರೆ ಪೀರಿಯಡ್ಡು ಬೇಕಾಗಲಿಲ್ಲ. ಮುಂದಿನ ಸಲ ಒಬ್ಬಳ ತಂದೆ ಶಾಲೆಗೆ ಬಂದು, "ಅಕ್ಕೋರ, ಆ ರೇಟಿನ ಹಾಳಿ ಒಂದು ನನಗೂ ಕೊಡ್ರಿ" ಅಂದರು. ಮಗಳ ಕೈಯಿಂದಲೇ ಪ್ರಿಂಟ್ ತೆಗೆಸಿ ಕೊಟ್ಟೆ.

ಒಂದು ಕಂಪ್ಯೂಟರಿಗೆ ಮೂರು ನಾಲ್ಕು ಮಕ್ಕಳು ಕೂತರೆ ಏನಾಗುತ್ತದೆ ಅಂತ ಎಲ್ಲ ಶಿಕ್ಷಕರಿಗೂ ಗೊತ್ತು. ಮೌಸ್ ಹಿಡಿದವನು ಕಲಿಯುತ್ತಾನೆ, ಉಳಿದವರು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ. ಮೌಸ್ ಹಿಡಿಯೋನು ಸಾಮಾನ್ಯವಾಗಿ ಮನೆಯಲ್ಲಿ ಸ್ವಂತ ಫೋನಿರೋ ಹುಡುಗ. ಹುಡುಗಿಯರ ಮನೆಯಲ್ಲಿ ಫೋನು ಅಣ್ಣನದೋ ಅಪ್ಪನದೋ ಆಗಿರುತ್ತದೆ, ಅವರಿಗೆ ಸಿಗೋದು ಟಾರ್ಚ್ ಹಾಕೋಕೆ ಮಾತ್ರ. ಅದಕ್ಕೆ ನಾನು ಬಸ್ಸಿನ ನಿಯಮ ತಂದೆ. ಮೌಸ್ ಹಿಡಿದವರು ಡ್ರೈವರ್, ಪಕ್ಕದವರು ಕಂಡಕ್ಟರ್. ಕಂಡಕ್ಟರ್ "ರೈಟ್" ಅನ್ನದೆ ಡ್ರೈವರ್ ಒಂದು ಕ್ಲಿಕ್ಕೂ ಮಾಡುವಂತಿಲ್ಲ. ಎಲ್ಲಿಗೆ ಹೋಗಬೇಕು, ಏನು ಒತ್ತಬೇಕು ಅಂತ ಹೇಳೋದು ಕಂಡಕ್ಟರ್ ಕೆಲಸ. ಹತ್ತು ನಿಮಿಷಕ್ಕೊಮ್ಮೆ ಅದಲು ಬದಲು. ಮೂರನೆಯವರು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಫೋನೇ ಮುಟ್ಟದ ಹುಡುಗಿ ಕಂಡಕ್ಟರ್ ಆದಾಗ, ಎಲ್ಲ ಗೊತ್ತಿದ್ದ ಹುಡುಗ ಅವಳ ಮಾತಿಗೆ ಕಾಯಬೇಕಾಗುತ್ತದೆ. ಮೊದಮೊದಲು ಜಗಳ ಆಯಿತು. ಈಗ "ರೈಟ್ ರೈಟ್" ಅನ್ನೋ ಗಲಾಟೆ ಹೆಡ್‌ಮಾಸ್ಟರ್ ರೂಮಿನವರೆಗೂ ಕೇಳಿಸುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ನನಗೆ ಸ್ವಲ್ಪ ಹಟ. ಮಕ್ಕಳು ಎಲ್ಲದಕ್ಕೂ ಮೈಕ್ ಒತ್ತಿ ಮಾತಾಡುತ್ತಾರೆ. ಆದರೆ "ನಾಳಿ ಹೊಲಕ್ಕ ಹೋಗಾಕತ್ತೇವಿ" ಅಂದರೆ ಅದು ಬರೆಯೋದೇ ಬೇರೆ. ನಾನು ಕೀಬೋರ್ಡಿನಲ್ಲಿ ಕಗಪ ಅನ್ನೋ ಕನ್ನಡ ಕೀಲಿ ವಿನ್ಯಾಸ ಕಲಿಸಿದೆ, ನುಡಿ ತಂತ್ರಾಂಶ ಬಳಸುವವರಿಗೆ ಇದು ಪರಿಚಯದ್ದೇ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ. ಹುಬ್ಬಳ್ಳಿ ಅಂತ ಹೊಡೆಯಬೇಕಾದರೆ ಎಚ್, ಯು, ಬಿ, ಎಫ್, ಬಿ, ಆಮೇಲೆ ಶಿಫ್ಟ್ ಹಿಡಿದು ಎಲ್, ಮತ್ತೆ ಎಫ್, ಮತ್ತೆ ಶಿಫ್ಟ್ ಎಲ್, ಕೊನೆಗೆ ಐ. ಬ್ಯಾಡಗಿಯಲ್ಲಿ ಬಿ ಆದಮೇಲೆ ಎಫ್, ವೈ. ಡ ಬೇಕಾದರೆ ಡಬ್ಲ್ಯೂ ಒತ್ತಬೇಕು, ಅಲ್ಲಿ ಎಲ್ಲರೂ ಎಡವುತ್ತಾರೆ. ಇದರಿಂದ ಇನ್ನೊಂದು ಲಾಭ ಆಯಿತು. ಯಾವ ಅಕ್ಷರಕ್ಕೆ ಯಾವ ಒತ್ತು ಅಂತ ಬಿಡಿಸಿ ಯೋಚಿಸದೆ ಇಲ್ಲಿ ಟೈಪ್ ಮಾಡೋಕಾಗಲ್ಲ. ಒತ್ತಕ್ಷರ ತಪ್ಪುತ್ತಿದ್ದವರು ನೋಟ್‌ಬುಕ್ಕಿನಲ್ಲೂ ತಿದ್ದಿಕೊಂಡರು. ಇದನ್ನು ನನಗೆ ಹೇಳಿದ್ದು ಕನ್ನಡ ಟೀಚರು, ನಾನು ಗಮನಿಸಿರಲಿಲ್ಲ.

ಶಿಕ್ಷಕರಿಗೆ ಒಂದು ಮಾತು: ಹಳೇ ಫಾಂಟಿನಲ್ಲಿ ಪ್ರಶ್ನೆಪತ್ರಿಕೆ ಹೊಡೆಯೋದು ದಯವಿಟ್ಟು ಬಿಡಿ, ಎಲ್ಲ ಕಂಪ್ಯೂಟರಿನಲ್ಲೂ ಓದೋಕೆ ಬರೋ ಯೂನಿಕೋಡಿನಲ್ಲೇ ಹೊಡೆಯಿರಿ. ಆ ಫಾಂಟಿಲ್ಲದ ಕಂಪ್ಯೂಟರಿಗೆ ಹೋದರೆ ಬರೀ ಗೀಚಿದ ಚಿಹ್ನೆ ಕಾಣುತ್ತದೆ, ಹುಡುಕಿದರೂ ಸಿಗಲ್ಲ.

ಸ್ಮಾರ್ಟ್ ಬೋರ್ಡಿನ ಬಗ್ಗೆ ಕೇಳುವವರು ಜಾಸ್ತಿ. ನನ್ನ ಮಟ್ಟಿಗೆ ಬಹಳ ಕಡೆ ಅದು ದೊಡ್ಡ ಟಿವಿ ಅಷ್ಟೇ. ಶಾಲೆಯ ಅಂಗಳದಲ್ಲಿ ದಾಸವಾಳ ಇರುವಾಗ ಹೂವಿನ ಭಾಗ ತೋರಿಸೋಕೆ ವಿಡಿಯೋ ಯಾಕೆ? ಕಣ್ಣಿಗೆ ಕಾಣದ್ದಕ್ಕೆ, ಕೈಯಲ್ಲಿ ಅಲುಗಾಡಿಸೋಕೆ ಬರದ್ದಕ್ಕೆ ಕಂಪ್ಯೂಟರ್ ಬೇಕು. ಜಿಯೋಜೀಬ್ರಾ ಅನ್ನೋ ಗಣಿತದ ಸಾಫ್ಟ್‌ವೇರಿನಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಕೋನಗಳು ಬದಲಾಗುತ್ತಾ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಅದನ್ನು ಬೋರ್ಡಿನ ಮೇಲೆ ತೋರಿಸೋಕೆ ಸಾಧ್ಯವೇ ಇಲ್ಲ. ವಿಜ್ಞಾನದವರು ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್ (ಕಂಪ್ಯೂಟರಿನಲ್ಲೇ ಮಾಡಿ ನೋಡೋ ಪ್ರಯೋಗ) ಬಳಸುತ್ತಾರೆ, ಕೆಲವು ಕನ್ನಡದಲ್ಲೂ ಇವೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ಟಿಲ್ಲದಾಗಲೂ ನಡೆಯುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಪಾಠ ನೋಡೋದನ್ನು ಮಾತ್ರ ಮನೆಗೆ ಬಿಡುತ್ತೇನೆ.

ದುಡ್ಡಿನ ವಿಷಯ ಬಿಟ್ಟರೆ ಈ ಪಾಠ ಅರ್ಧವೇ. ನಮ್ಮೂರಲ್ಲೂ ಒಬ್ಬರು ದುಡ್ಡು ಕಳೆದುಕೊಂಡರು. ಹಳೇ ಬೈಕ್ ಮಾರುತ್ತೇನೆ ಅಂತ ಹಾಕಿದ್ದರು, ಕೊಳ್ಳುವವನು ಅಡ್ವಾನ್ಸ್ ಕಳಿಸುತ್ತೇನೆ ಅಂತ ಕ್ಯೂಆರ್ ಕೋಡ್ ಕಳಿಸಿದ, ಇವರು ಸ್ಕ್ಯಾನ್ ಮಾಡಿ ಪಿನ್ ಒತ್ತಿದರು. ಇದನ್ನು ಕ್ಲಾಸಿನಲ್ಲಿ ನಾಟಕ ಮಾಡಿಸಿದೆ. ರಟ್ಟಿನ ಫೋನು, ಒಬ್ಬ ಮೋಸಗಾರ, ಒಬ್ಬಳು ಅಜ್ಜಿ. ಮೋಸಗಾರನ ಪಾರ್ಟಿಗೆ ಪೈಪೋಟಿ ಆಯಿತು ಅನ್ನಿ. ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಡ, ಪಿನ್ ಕೇಳಿದರೆ ನಮ್ಮ ದುಡ್ಡು ಹೋಗುತ್ತಿದೆ ಅಂತ ಅರ್ಥ. ಇಷ್ಟನ್ನು ಮಕ್ಕಳು ಮನೆಯಲ್ಲಿ ಹೇಳಬೇಕು. ಮೋಸ ಆಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬೇಗ ಮಾಡಿದಷ್ಟೂ ದುಡ್ಡು ತಡೆಯೋ ಅವಕಾಶ ಜಾಸ್ತಿ. ಗೃಹಲಕ್ಷ್ಮಿ ದುಡ್ಡು ಬರುತ್ತೆ, ಈ ಲಿಂಕ್ ಒತ್ತಿ ಅಂತ ಬರೋ ಮೆಸೇಜುಗಳನ್ನು ಅಮ್ಮಂದಿರ ಜೊತೆ ಕೂತು ನೋಡೋದೂ ಅವರ ಹೋಂವರ್ಕು. ಹತ್ತು ಅಂಕಿಯ ಸಾದಾ ನಂಬರಿನಿಂದ ಸರ್ಕಾರದ ಮೆಸೇಜು ಬಂದಿದೆ ಅಂದರೆ ಲಿಂಕ್ ಮುಟ್ಟಬಾರದು, ಪಂಚಾಯ್ತಿಯಲ್ಲಿ ಕೇಳಬೇಕು.

ಈ ವರ್ಷ ಹೊಸದಾಗಿ ಸೇರಿದ್ದು ಎಐ ಚಾಟ್‌ಬಾಟ್. ನಿಮ್ಮೂರಿನ ಬಗ್ಗೆ ಕೇಳಿ ಅಂದೆ. ಉತ್ತರ ಎಷ್ಟು ಚೆಂದ ಬಂತು ಅಂದರೆ, ಓದೋಕೆ ನನಗೂ ಖುಷಿಯಾಯಿತು. ಊರ ಮುಂದೆ ಹೊಳೆ ಹರಿಯುತ್ತದಂತೆ. ಇಲ್ಲದ ಗುಡಿಗೆ ಜಾತ್ರೆಯಂತೆ. "ಟೀಚರ್, ನಮ್ಮೂರಾಗ ಹೊಳೀನ ಇಲ್ಲಲ್ರಿ!" ಅಂತ ಇಡೀ ಕ್ಲಾಸು ನಕ್ಕಿತು. ಮೆಣಸಿನಕಾಯಿ ಫೋಟೋ ನೋಡಿದ ಅನುಭವ ಇದ್ದದ್ದಕ್ಕೆ ಅವರಿಗೆ ಅಷ್ಟು ಆಶ್ಚರ್ಯ ಆಗಲಿಲ್ಲ. ಹಾಳೆಯಲ್ಲಿ ಮೂರು ಕಾಲಂ ಹಾಕಿಸಿದೆ: ಅದು ಹೇಳಿದ್ದು, ನಮಗೆ ಗೊತ್ತಿದ್ದದ್ದು, ಯಾರನ್ನು ಕೇಳಬೇಕು. ಮೂರನೇ ಕಾಲಂಗೆ ಊರ ಹಿರಿಯರ ಹೆಸರು ಬಂದವು. ಕೇಳಿಕೊಂಡು ಬಂದ ಮೇಲೆ ಹೊಸ ತಕರಾರು. ಗುಡಿ ಯಾವಾಗ ಕಟ್ಟಿದ್ದು ಅಂತ ಒಬ್ಬಳ ಅಜ್ಜ ಒಂದು ಹೇಳಿದ್ದಾರೆ, ಪಕ್ಕದ ಮನೆ ಅಜ್ಜ ಇನ್ನೊಂದು.

"ಅಜ್ಜ ಹೇಳಿದ್ದನ್ನೂ ಚೆಕ್ ಮಾಡಬೇಕೇನ್ರಿ ಟೀಚರ್?"

ಮಾಡು, ಆದರೆ ಹಾಗಂತ ಅಜ್ಜನಿಗೆ ಹೇಳಬೇಡ ಅಂದೆ.