ಮಿಕ್ಕ ಅನ್ನ ವಿಷವಾಗದಂತೆ ಇಡುವುದು ಹೇಗೆ

ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುವುದರಲ್ಲಿ ತಪ್ಪೇನಿಲ್ಲ. ರಾತ್ರಿಯಿಡೀ ಅದು ಎಲ್ಲಿತ್ತು ಎಂಬುದೇ ಪ್ರಶ್ನೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದರೆ ಮೊಳೆತು, ಬೆಳೆದು, ಸೀರಿಯುಲೈಡ್ ಎಂಬ ವಿಷ ಬಿಡುತ್ತವೆ. ಈ ವಿಷ 121 ಡಿಗ್ರಿ ಸೆಲ್ಸಿಯಸ್‌ಗೂ ಜಗ್ಗದು. ಹಾಗಾಗಿ ಒಗ್ಗರಣೆಯಲ್ಲಿ ಎಷ್ಟು ಹುರಿದರೂ, ಮೇಲೆ ನಿಂಬೆಹಣ್ಣು ಹಿಂಡಿದರೂ ಅದು ಹೋಗುವುದಿಲ್ಲ. ವಾಸನೆ ನೋಡಿ ತೀರ್ಮಾನಿಸುವುದೂ ಬೇಡ. ವಿಷವಿರುವ ಅನ್ನ ಹಳಸದೆಯೂ ಇರಬಹುದು.

ಊಟವಾದ ಕೂಡಲೇ ಮಿಕ್ಕ ಅನ್ನವನ್ನು ಅಗಲ ತಟ್ಟೆಗೆ ಹರಡಿ, ದಪ್ಪ 5 ಸೆಂಟಿಮೀಟರ್ ಮೀರದಿರಲಿ. ಮುಚ್ಚಿದ ಕುಕ್ಕರಿನಲ್ಲೇ ಬಿಟ್ಟರೆ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಎಡವಟ್ಟಾಗುವುದು ಅಲ್ಲೇ. ಹಬೆ ಆರಿದ ಮೇಲೆ, 2 ಗಂಟೆಯೊಳಗೆ, ಮುಚ್ಚಿ ಫ್ರಿಜ್‌ಗೆ ಸೇರಿಸಿ. ಒಳಗೆ 5 ಡಿಗ್ರಿಗಿಂತ ಕಡಿಮೆ ಇರಬೇಕು. ಮರುದಿನವೇ ಮುಗಿಸಿ. ಒಮ್ಮೆ ಮಾತ್ರ, ಹಬೆಯಾಡುವಷ್ಟು ಬಿಸಿಮಾಡಿ. ರಾತ್ರಿಯೆಲ್ಲ ಕಟ್ಟೆಯ ಮೇಲಿದ್ದ ಅನ್ನವನ್ನು ಎಸೆಯಿರಿ.

ಈ ವಿಷ ಹೊಟ್ಟೆ ಸೇರಿದರೆ ಸಾಮಾನ್ಯವಾಗಿ 1ರಿಂದ 6 ಗಂಟೆಯೊಳಗೆ ವಾಂತಿ ಶುರು. ಇದೇ ಬ್ಯಾಕ್ಟೀರಿಯಾ ಕರುಳಿನೊಳಗೆ ಬೇರೆ ವಿಷ ತಯಾರಿಸಿದರೆ 6ರಿಂದ 15 ಗಂಟೆಯಲ್ಲಿ ಭೇದಿ. ಎರಡೂ ಬಹುತೇಕ ಒಂದು ದಿನದಲ್ಲಿ ಇಳಿಯುತ್ತವೆ. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಮಮಟ್ಟದ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಕಾಯದೆ ಆಸ್ಪತ್ರೆಗೆ ಹೋಗಿ.