ಹಿಮದೂರಿನ ರಕ್ತಪಿಶಾಚಿ: ಒಂದು ಮಾಂಗಾ ಚಿತ್ರಿಸಿದ ನನ್ನ ಅನುಭವ

ರಕ್ತಪಿಶಾಚಿಯ ಮಾಂಗಾ (ಜಪಾನೀ ಚಿತ್ರಕಥೆ) ಒಂದನ್ನು ಚಿತ್ರಿಸಬೇಕೆಂದು ಕುಳಿತಾಗ ಎಲ್ಲಕ್ಕಿಂತ ಮೊದಲು ನಾನು ಯೋಚಿಸಿದ್ದು, ಕಥೆಯ ಊರಿನಲ್ಲಿ ಸತ್ತವರನ್ನು ಹೂಳುತ್ತಾರೋ ಸುಡುತ್ತಾರೋ ಎಂಬುದನ್ನು. ಪಿಶಾಚಿಯ ಮುಖ, ಹಲ್ಲು, ಉಡುಪುಗಳೆಲ್ಲ ಆಮೇಲಿನ ಮಾತು. ಜಪಾನಿನಲ್ಲಿ ಇಂದು ತೀರಿಕೊಂಡವರಲ್ಲಿ ಶೇ. 99ಕ್ಕೂ ಹೆಚ್ಚು ಮಂದಿಯ ದೇಹವನ್ನು ದಹನ ಮಾಡಲಾಗುತ್ತದೆ. ಕಚ್ಚಿಸಿಕೊಂಡು ಸತ್ತವನು ಗೋರಿಯಿಂದ ಎದ್ದುಬರುವ ಯುರೋಪಿನ ಕಥೆಗೆ ಅಂಥ ನೆಲದಲ್ಲಿ ಕಾಲೂರಲು ಜಾಗವೇ ಇಲ್ಲ.

ಫುಯುಮಿ ಓನೋ ಅವರು 1998ರಲ್ಲಿ ಪ್ರಕಟಿಸಿದ ‘ಶಿಕಿ’ ಕಾದಂಬರಿಯಲ್ಲಿ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ನನ್ನನ್ನು ಬೆರಗುಗೊಳಿಸಿತ್ತು. ಸಮಾಧಿಗಳ ಬಳಿ ನಿಲ್ಲಿಸುವ ಮರದ ಹಲಗೆಗಳನ್ನು ತಯಾರಿಸುವ, ಆ ಹಲಗೆಯ ಹೆಸರನ್ನೇ ಹೊತ್ತ, ಸುಮಾರು 1,300 ಜನರ ಸೊತೊಬಾ ಎಂಬ ಹಳ್ಳಿಯನ್ನು ಅವರು ಸೃಷ್ಟಿಸಿದರು. ಆ ಊರಿನವರು ಇನ್ನೂ ಶವವನ್ನು ಮಣ್ಣಿನಲ್ಲೇ ಹೂಳುತ್ತಾರೆ. ಆ ಒಂದು ಪದ್ಧತಿಯಿಂದಲೇ ಸತ್ತವರು ಏಳುವುದಕ್ಕೂ ಪಿಡುಗು ಹರಡುವುದಕ್ಕೂ ದಾರಿಯಾಗುತ್ತದೆ. ರ್‍ಯೂ ಫುಜಿಸಾಕಿ ಅವರು 2007ರಿಂದ 2011ರವರೆಗೆ ಚಿತ್ರಿಸಿದ ಇದರ ಮಾಂಗಾ ರೂಪ 11 ಸಂಪುಟಗಳಲ್ಲಿದೆ. ಕ್ಯೋಟೋದಲ್ಲಿ ಉದ್ಯೋಗದಲ್ಲಿದ್ದ ವರ್ಷಗಳಲ್ಲಿ ನಾನು ಅದನ್ನು ಓದಿದೆ. ನನ್ನ ಕಥೆಯ ಬೀಜ ಬಿದ್ದದ್ದು ಅದರ ವಿರುದ್ಧ ದಿಕ್ಕಿನಲ್ಲಿ: ಸುಡುವ ಊರಿನಲ್ಲೇ ಒಬ್ಬಳು ರಕ್ತಪಿಶಾಚಿ ಇದ್ದರೆ ಏನಾಗುತ್ತದೆ? ಅವಳು ಕಚ್ಚಿದವರು ಯಾರೂ ಎದ್ದುಬರುವುದಿಲ್ಲ. ಅವಳಿಗೆ ಸಂತತಿಯಿಲ್ಲ, ಸಂಗಾತಿಯಿಲ್ಲ. ಅವಳ ಅಪರಾಧದ ಸಾಕ್ಷ್ಯವೂ ಪ್ರತಿ ಸಲ ಬೂದಿಯಾಗುತ್ತದೆ.

ಕ್ಯೋಟೋ ಪ್ರಾಂತ್ಯದ ಉತ್ತರದ ಬೆಟ್ಟಗಳಲ್ಲಿ ಚಳಿಗಾಲದಲ್ಲಿ ಚೆನ್ನಾಗಿ ಹಿಮ ಬೀಳುತ್ತದೆ. ಅಲ್ಲಿ, ಮತ್ತು ಜಪಾನಿನ ಬೇರೆ ಎಷ್ಟೋ ಗುಡ್ಡಗಾಡುಗಳಲ್ಲಿ, ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 65 ದಾಟಿರುವ ಹಳ್ಳಿಗಳಿವೆ. ಮಕ್ಕಳು ಒಸಾಕಾಕ್ಕೋ ಟೋಕಿಯೋಕ್ಕೋ ಹೋಗಿದ್ದಾರೆ, ಶಾಲೆ ಮುಚ್ಚಿದೆ, ಬಸ್ಸು ಅಪರೂಪ. ಅಂಥ ಊರಿನಲ್ಲಿ ರಾತ್ರಿಪಾಳಿಯ ದಾದಿಯಾಗಿ ದುಡಿಯುವ ಚಿಯೊ ನನ್ನ ನಾಯಕಿ. ಹಾಸಿಗೆ ಹಿಡಿದ ಮುದುಕರ ಮೈ ಒರೆಸುವವಳು, ಮಗ್ಗುಲು ಬದಲಿಸುವವಳು, ನಡುರಾತ್ರಿ ಕರೆದರೆ ಹಿಮದಲ್ಲಿ ನಡೆದು ಬರುವವಳು ಅವಳೊಬ್ಬಳೇ. ಅವಳು ಬದುಕುವುದು ಅವರ ರಕ್ತದಿಂದ. ಊರಿನ ಮುಖ್ಯಸ್ಥನಿಗೆ ಇದು ಗೊತ್ತಿದೆ. ಅವಳು ಹೋದರೆ ಬೇರೆ ಯಾರೂ ಬರುವುದಿಲ್ಲವೆಂಬುದೂ ಅವನಿಗೆ ಗೊತ್ತಿದೆ.

ನೈತಿಕವಾಗಿ ಸಂಕೀರ್ಣವಾದ ಪಾತ್ರ ಎಂದರೆ ಕೆಟ್ಟವನಿಗೆ ಒಂದು ದುಃಖದ ಬಾಲ್ಯವನ್ನು ಅಂಟಿಸುವುದೆಂದು ಅನೇಕರು ತಿಳಿಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಳೆಯ ದುಃಖ ಓದುಗನಿಂದ ಕ್ಷಮೆಯನ್ನು ಗಿಟ್ಟಿಸಿಕೊಳ್ಳುತ್ತದೆಯೇ ಹೊರತು ಅವನನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ಇಕ್ಕಟ್ಟು ಹುಟ್ಟಬೇಕಾದರೆ ಹಸಿವಿನ ನಿಯಮ ಸ್ಪಷ್ಟವಾಗಿರಬೇಕು ಮತ್ತು ಅದರಲ್ಲಿ ನುಸುಳಿ ಹೋಗುವ ಕಿಂಡಿ ಇರಬಾರದು. ಪ್ರಾಣಿಯ ರಕ್ತ, ಆಸ್ಪತ್ರೆಯ ರಕ್ತದ ಚೀಲ ಇವು ಒಮ್ಮೆ ಕಥೆಯೊಳಗೆ ಬಂದವೆಂದರೆ ಪಾತ್ರದ ಹೊರೆಯೆಲ್ಲ ಹಗುರಾಗಿಬಿಡುತ್ತದೆ. ನಾನು ಹಾಕಿಕೊಂಡ ನಿಯಮವೆಂದರೆ ಮನುಷ್ಯರ ರಕ್ತವೇ ಬೇಕು. ಒಬ್ಬರನ್ನು ಒಮ್ಮೆ ಕಚ್ಚಿದರೆ ಅವರು ಸೊರಗುತ್ತಾರೆ, ಮೂರನೆಯ ಸಲಕ್ಕೆ ಸಾಯುತ್ತಾರೆ. ಹಾಗಾಗಿ ಇಡೀ ಊರನ್ನು ಸ್ವಲ್ಪ ಸ್ವಲ್ಪವೇ ಸೊರಗಿಸುವುದೋ, ಸಾವಿನಂಚಿನಲ್ಲಿರುವ ಒಬ್ಬರನ್ನು ಮುಗಿಸುವುದೋ ಎಂಬ ಆಯ್ಕೆ ಪ್ರತಿ ಚಳಿಗಾಲದಲ್ಲೂ ಚಿಯೊಳ ಮುಂದಿರುತ್ತದೆ. ಅವಳು ಎರಡನೆಯದನ್ನು ಆರಿಸುತ್ತಾಳೆ, ಅದೂ ಕೇಳಿ, ಒಪ್ಪಿಗೆ ಪಡೆದು. ನೋವಿನಲ್ಲಿ ನರಳುವ ಒಬ್ಬ ಮುದುಕ ತಾನೇ ಕತ್ತು ಚಾಚುತ್ತಾನೆ. ಅಲ್ಲಿಯವರೆಗೆ ಓದುಗ ಅವಳ ಪರವಾಗಿರುತ್ತಾನೆ. ಆಮೇಲೆ ಬರುವವಳು ಮುಖ್ಯಸ್ಥನ ತಾಯಿ. ಆಕೆಗೆ ಮರೆವಿನ ಕಾಯಿಲೆ. ತನ್ನ ಮಗನನ್ನೇ ಗುರುತಿಸದವಳು ಒಪ್ಪಿಗೆಯನ್ನು ಹೇಗೆ ಕೊಟ್ಟಾಳು? ಇಡೀ ಕಥೆ ನಿಂತಿರುವುದು ಆ ಒಂದು ರಾತ್ರಿಯ ಮೇಲೆ.

ಮುಖ್ಯಸ್ಥನ ಪಾತ್ರವನ್ನು ರೂಪಿಸುವಾಗ ‘ಶಿಕಿ’ಯ ವೈದ್ಯ ತೊಶಿಯೊ ಒಜಾಕಿ ನನ್ನ ಮನಸ್ಸಿನಿಂದ ಕದಲಲೇ ಇಲ್ಲ. ಊರನ್ನು ಉಳಿಸುವ ಹಟ ಹೊತ್ತ ಆತ, ಸತ್ತು ಎದ್ದ ತನ್ನ ಹೆಂಡತಿಯನ್ನೇ ಕಟ್ಟಿಹಾಕಿ ಪ್ರಯೋಗಕ್ಕೆ ಒಡ್ಡುತ್ತಾನೆ. ಅದೇ ಕೃತಿಯಲ್ಲಿ ದಾದಿ ರಿತ್ಸುಕೊ ಎದ್ದ ಮೇಲೂ ಯಾರ ರಕ್ತವನ್ನೂ ಕುಡಿಯಲು ಒಪ್ಪುವುದಿಲ್ಲ. ಮನುಷ್ಯನಾಗಿ ಉಳಿದವನು ಮಾಡಿದ್ದನ್ನೂ ಪಿಶಾಚಿಯಾದವಳು ಮಾಡದಿದ್ದುದನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಸರಿ ತಪ್ಪುಗಳ ಗೆರೆ ಮನುಷ್ಯರಿಗೂ ಪಿಶಾಚಿಗಳಿಗೂ ನಡುವೆ ಎಳೆದದ್ದಲ್ಲವೆಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ. ಒಜಾಕಿಯ ಬಗ್ಗೆ ನನಗೆ ಅಪಾರ ಗೌರವವಿದೆ, ಭಯವೂ ಇದೆ. ನನ್ನ ಮುಖ್ಯಸ್ಥ ಅವನಷ್ಟು ದೃಢನಲ್ಲ. ಆತ ಸುಮ್ಮನಿರುವುದರ ಮೂಲಕವೇ ಪಾಲುದಾರನಾಗುತ್ತಾನೆ. ದಹನದ ನಂತರ ಸಂಪ್ರದಾಯದಂತೆ ಕಡ್ಡಿಗಳಿಂದ ಎಲುಬುಗಳನ್ನು ಆರಿಸಿ ಕರಂಡಕ್ಕೆ ತುಂಬುವಾಗ ಅವನ ಕೈ ಮಾತ್ರ ಚೌಕಟ್ಟಿನೊಳಗೆ ಇರುತ್ತದೆ, ಮುಖವನ್ನು ನಾನು ತೋರಿಸಿಲ್ಲ.

ಯಾರ ಮುಖವನ್ನು ಎಲ್ಲಿ ತೋರಿಸಬೇಕು ಎಂಬುದೇ ಮಾಂಗಾದಲ್ಲಿ ನ್ಯಾಯತೀರ್ಮಾನದ ಜಾಗವೆಂದು ನಾನು ನಂಬಿದ್ದೇನೆ. ಇದನ್ನು ತೀರ್ಮಾನಿಸುವುದು ‘ನೇಮ್’ ಹಂತದಲ್ಲಿ. ಪುಟಗಳ ವಿನ್ಯಾಸ, ಚೌಕಟ್ಟು, ಸಂಭಾಷಣೆಗಳನ್ನು ಪೆನ್ಸಿಲ್ಲಿನಲ್ಲಿ ಒರಟಾಗಿ ಬರೆದಿಡುವ ಕರಡಿಗೆ ಅಲ್ಲಿಯ ಚಿತ್ರಕಾರರು ಹೀಗೆ ಹೇಳುತ್ತಾರೆ. ಜಪಾನೀ ಪುಸ್ತಕದಲ್ಲಿ ಓದು ಬಲದಿಂದ ಎಡಕ್ಕೆ ಸಾಗುವುದರಿಂದ ಎಡಪುಟದ ಕೆಳಮೂಲೆಯ ಚೌಕಟ್ಟು ಓದುಗನನ್ನು ಹಾಳೆ ತಿರುಗಿಸುವಂತೆ ಮಾಡಬೇಕು, ತಿರುಗಿಸಿದೊಡನೆ ಬಲಪುಟದಲ್ಲಿ ಅದರ ಫಲ ಸಿಗಬೇಕು. ಭಯಾನಕ ಕಥೆಗಳಲ್ಲಿ ಸಾಮಾನ್ಯವಾಗಿ ಆ ಜಾಗ ಕೋರೆಹಲ್ಲಿಗೆ ಮೀಸಲು. ನಾನು ಅಲ್ಲಿ ಕಚ್ಚಿಸಿಕೊಳ್ಳುವವರ ಮುಖವನ್ನು ಇಟ್ಟೆ. ಚಿಯೊ ಕಚ್ಚುವುದು ಎಲ್ಲೂ ಪೂರ್ತಿಯಾಗಿ ಕಾಣುವುದಿಲ್ಲ. ಕಾಣುವುದು ಆ ಮುದುಕನ ಕಣ್ಣಿನ ನೆಮ್ಮದಿ, ಆಮೇಲೆ ಆ ಮುದುಕಿಯ ಕಣ್ಣಿನ ಗಲಿಬಿಲಿ. ಎರಡು ಪುಟಗಳ ವಿನ್ಯಾಸವೂ ಒಂದೇ, ಚೌಕಟ್ಟಿನ ಅಳತೆಯೂ ಒಂದೇ. ವ್ಯತ್ಯಾಸವನ್ನು ಓದುಗನೇ ಗಮನಿಸಬೇಕೆಂಬುದು ನನ್ನ ಆಸೆಯಾಗಿತ್ತು.

ಚಿತ್ರಿಸಿದ್ದು ವೃತ್ತಿಪರರು ಬಳಸುವ ಬಿ4 ಅಳತೆಯ ಹಾಳೆಯ ಮೇಲೆ. ಅದರ ಒಳಚೌಕಟ್ಟು 180 ಮಿ.ಮೀ. ಅಗಲ, 270 ಮಿ.ಮೀ. ಎತ್ತರ. ಮುಖ್ಯ ಗೆರೆಗಳಿಗೆ ಶಾಯಿಯಲ್ಲಿ ಅದ್ದಿ ಬರೆಯುವ ಜಿ-ಪೆನ್, ರೆಪ್ಪೆ ಮತ್ತು ಸುಕ್ಕುಗಳಿಗೆ ಸಣ್ಣ ಮೊನೆಯ ಮಾರು-ಪೆನ್. ಮುದುಕರ ಚರ್ಮವನ್ನು ಚಿತ್ರಿಸುವುದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಇನ್ನು ಕತ್ತಲೆಯ ವಿಷಯ. ರಕ್ತಪಿಶಾಚಿಯ ಮಾಂಗಾ ಎಂದರೆ ಪುಟದ ತುಂಬ ಕಪ್ಪು ಶಾಯಿಯೆಂಬ ರೂಢಿಯಿದೆ. ಹಿಮದೂರಿನ ರಾತ್ರಿ ಹಾಗಿರುವುದಿಲ್ಲ. ಆಕಾಶ ಕಪ್ಪಾಗಿದ್ದರೂ ನೆಲ ಬೆಳಗುತ್ತಿರುತ್ತದೆ. ಆದ್ದರಿಂದ ಹೊರಗಿನ ದೃಶ್ಯಗಳಲ್ಲಿ ಹಾಳೆಯ ಬಿಳುಪನ್ನು ಹಾಗೆಯೇ ಬಿಟ್ಟು, ಕಪ್ಪನ್ನೆಲ್ಲ ಮನೆಯೊಳಗಣ ಕೋಣೆಗಳಿಗೆ, ಮುಖ್ಯಸ್ಥನ ಕೋಟಿಗೆ, ಚಿಯೊಳ ಕೂದಲಿಗೆ ಉಳಿಸಿಕೊಂಡೆ. ಚುಕ್ಕೆಗಳ ಛಾಯಾಹಾಳೆಯಾದ ಸ್ಕ್ರೀನ್‌ಟೋನನ್ನು ಬಳಸಿದ್ದು ಬಹಳ ಕಡಿಮೆ. ಬೂದು ಛಾಯೆ ಹೆಚ್ಚಾದರೆ ಹಿಮ ಕೆಸರಾಗಿ ಕಾಣುತ್ತದೆ, ಮುದ್ರಣಕ್ಕಾಗಿ ಪುಟವನ್ನು ಕುಗ್ಗಿಸಿದಾಗ ಚುಕ್ಕೆಗಳು ಒಂದರ ಮೇಲೊಂದು ಸೇರಿ ಅಲೆಯಲೆಯಾದ ಕಲೆಗಳೂ ಮೂಡಬಹುದು.

ಜಪಾನೀ ಆವೃತ್ತಿಯನ್ನು ಸಣ್ಣ ಪುಸ್ತಿಕೆಯಾಗಿ ಅಚ್ಚುಹಾಕಿಸಿ, ಸ್ವಂತ ಕಥೆಗಳಿಗೇ ಮೀಸಲಾದ ಕೊಮಿತಿಯಾ ಮೇಳದಲ್ಲಿ ಇಟ್ಟೆ. ಕನ್ನಡದ ಆವೃತ್ತಿಯನ್ನು ಸಿದ್ಧಪಡಿಸುವಾಗ ಬೇರೆಯೇ ಕೆಲಸ ಕಾದಿತ್ತು. ಮೇಲಿನಿಂದ ಕೆಳಕ್ಕೆ ಬರೆಯುವ ಜಪಾನೀ ಸಂಭಾಷಣೆಗೆಂದು ಮಾಡಿದ ಮಾತಿನ ಗುಳ್ಳೆಗಳು ಕಿರಿದಾಗಿ ಎತ್ತರವಾಗಿರುತ್ತವೆ. ನಮ್ಮ ಪದಗಳಾದರೋ ಪ್ರತ್ಯಯಗಳು ಸೇರಿ ಅಡ್ಡಕ್ಕೆ ಉದ್ದವಾಗುತ್ತವೆ, ಒತ್ತಕ್ಷರಗಳಿಂದಾಗಿ ಸಾಲುಗಳ ನಡುವೆ ಹೆಚ್ಚು ಅಂತರವನ್ನೂ ಕೇಳುತ್ತವೆ. ಮಾತನ್ನು ಆಡುನುಡಿಯಲ್ಲಿ ಮೊಟಕುಗೊಳಿಸಿ, ಒಂದು ಗುಳ್ಳೆಯಲ್ಲಿದ್ದುದನ್ನು ಎರಡಕ್ಕೆ ಹಂಚಿ ಹೊಂದಿಸಿದೆ. ‘ಅಜ್ಜೀ, ಸ್ವಲ್ಪ ಒರಗಿಕೊಳ್ತೀರಾ?’ ಎಂದು ಚಿಯೊ ಕೇಳುವಲ್ಲಿ ಕನ್ನಡ ಬಹಳ ಸಲೀಸಾಗಿ ಕೂತಿತು.

ಕನ್ನಡ ಓದುಗರಿಗಾಗಿ ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡದಿಂದ ಬಲಕ್ಕೆ ಓದುವಂತೆ ಮಾಡಬಾರದೇಕೆ ಎಂದು ಕೆಲವರು ಸಲಹೆ ಮಾಡಿದರು. ಈ ಕಥೆಯಲ್ಲಿ ಅದು ಸಾಧ್ಯವಿಲ್ಲ. ಜಪಾನಿನಲ್ಲಿ ಬದುಕಿರುವವರು ಕಿಮೊನೊ ಉಡುವಾಗ ತಮ್ಮ ಎಡಬದಿಯ ಸೆರಗನ್ನು ಬಲಬದಿಯದರ ಮೇಲೆ ತರುತ್ತಾರೆ. ಶವಕ್ಕೆ ಉಡಿಸುವಾಗ ಮಾತ್ರ ಇದು ತಿರುಗುಮುರುಗು. ಪುಟವನ್ನು ತಿರುಗಿಸಿದರೆ ಊರಿನವರೆಲ್ಲ ಸತ್ತವರಂತೆ ಉಟ್ಟಿರುತ್ತಾರೆ. ಅಲ್ಲದೆ ಕೆಲಸ ಮುಗಿಸಿ ಮನೆಗೆ ಬಂದ ಚಿಯೊ ಕನ್ನಡಿಯಿಲ್ಲದ ಕೋಣೆಯಲ್ಲಿ ಯುಕಾತಾ ಎಂಬ ಹತ್ತಿಯ ಕಿಮೊನೊ ಉಡುವ ದೃಶ್ಯವೊಂದಿದೆ. ಅಲ್ಲಿ ಅವಳು ಬಲಸೆರಗನ್ನು ಮೇಲೆ ತಂದು ಉಡುತ್ತಾಳೆ. ತಾನು ಯಾರ ಸಾಲಿಗೆ ಸೇರಿದವಳೆಂದು ಅವಳು ಮರೆತಿಲ್ಲ. ಕನ್ನಡದ ಪುಸ್ತಿಕೆಯಲ್ಲೂ ಓದು ಬಲದಿಂದ ಎಡಕ್ಕೇ ಇದೆ, ಮೊದಲ ಪುಟದಲ್ಲಿ ಹಾಗೆ ಓದಬೇಕೆಂಬ ಸೂಚನೆಯನ್ನು ಕೊಟ್ಟಿದ್ದೇನೆ.