ಕೂಸು ಹುಟ್ಟುವ ಮುಂಚೆಯೇ ಹೊಲಿಸಬೇಕಾದ ಕುಲಾವಿ

ನಮ್ಮ ಹಿರಿಯ ಮಗ 2015ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಹುಟ್ಟಿದ. ಅವನ ಬದುಕಿನ ಮೊದಲ ನಲವತ್ತು ದಿನಗಳಲ್ಲಿ ಆರೋಗ್ಯ ವಿಮೆಯ ವಿಷಯದಲ್ಲಿ ನಾವು ಮಾಡಿದ ಒಂದು ತಪ್ಪನ್ನು ಇಲ್ಲಿಗೆ ಹೊಸದಾಗಿ ಬಂದ, ಮಗುವಿನ ನಿರೀಕ್ಷೆಯಲ್ಲಿರುವ ಪ್ರತಿಯೊಬ್ಬ ಕನ್ನಡದ ದಂಪತಿಗೂ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಮನೆಯ ಪದ್ಧತಿಯಿಂದಲೇ ಹುಟ್ಟಿದ ತಪ್ಪು ಮತ್ತು ನಮ್ಮಂಥವರು ಅದನ್ನು ಮತ್ತೆ ಮತ್ತೆ ಮಾಡುವುದನ್ನು ಕಂಡಿದ್ದೇನೆ.

ನಿಯಮ ಸರಳವಾಗಿದೆ. ಕಂಪನಿಯ ಮೂಲಕ ಆರೋಗ್ಯ ವಿಮೆ ಇರುವವರು ಮಗು ಹುಟ್ಟಿದ ಮೇಲೆ ಅದನ್ನು ಪಾಲಿಸಿಗೆ ಸೇರಿಸಲು ಹಿಪಾ ಎಂಬ ಅಮೆರಿಕದ 1996ರ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ 30 ದಿನಗಳ ಅವಕಾಶವಿದೆ. ಕೆಲವು ಕಂಪನಿಗಳು ಹೆಚ್ಚು ದಿನ ಕೊಡುತ್ತವೆಯಾದರೂ ನಿಮ್ಮ ಕಂಪನಿಯೂ ಕೊಡುತ್ತದೆಂದು ಊಹಿಸಿಕೊಳ್ಳಬೇಡಿ. ಅವಧಿಯೊಳಗೆ ಸೇರಿಸಿದರೆ ವಿಮೆಯು ಹುಟ್ಟಿದ ದಿನದಿಂದಲೇ ಅನ್ವಯಿಸುತ್ತದೆ. ತಪ್ಪಿಸಿಕೊಂಡರೆ ಮುಂದಿನ ಓಪನ್ ಎನ್‌ರೋಲ್‌ಮೆಂಟ್‌ವರೆಗೆ, ಎಂದರೆ ವಿಮೆಗೆ ಸೇರಲು ವರ್ಷಕ್ಕೊಮ್ಮೆ ಕೊಡುವ ಅವಧಿಯವರೆಗೆ, ಕಾಯಬೇಕಾಗಬಹುದು. ಮಾರ್ಚಿನಲ್ಲಿ ಹುಟ್ಟಿದ ನಮ್ಮ ಮಗನಿಗೆ ಅದು ಮರುವರ್ಷದ ಜನವರಿಯಾಗುತ್ತಿತ್ತು.

ಹೆರಿಗೆಯ ಮರುದಿನ ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಜನನ ನೋಂದಣಿಯ ಅರ್ಜಿಯನ್ನು ಹಿಡಿದುಕೊಂಡು ವಾರ್ಡಿಗೆ ಬಂದರು. ಆಗ ಕ್ಯಾಲಿಫೋರ್ನಿಯಾದಲ್ಲಿ 10 ದಿನಗಳೊಳಗೆ ಜನನ ನೋಂದಣಿಯಾಗಬೇಕಿತ್ತು. ಮಗುವಿನ ಹೆಸರೇನೆಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ನಕ್ಷತ್ರ ನೋಡಿ ಅಕ್ಷರ ಹೇಳಬೇಕಾದ ಜೋಯಿಸರು ತೀರ್ಥಹಳ್ಳಿಯಲ್ಲಿದ್ದರು, ಪುರುಡು ಕಳೆಯುವುದಕ್ಕೆ ಮುಂಚೆ ಹೆಸರಿಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ, ಅದರ ಮೇಲೆ ನಮ್ಮತ್ತೆಯವರ ವಿಮಾನ ಇಪ್ಪತ್ತನೆಯ ದಿನಕ್ಕಿದ್ದುದರಿಂದ ನಾಮಕರಣವನ್ನು ಅವರು ಬಂದ ಮೇಲೆಯೇ ಮಾಡುವುದೆಂದು ನಿಶ್ಚಯವಾಗಿತ್ತು. ಹೆಸರಿನ ಜಾಗವನ್ನು ಖಾಲಿ ಬಿಟ್ಟೆವು. ಹೆಸರಿಲ್ಲದಿದ್ದುದರಿಂದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ, ಎಂದರೆ ಇಲ್ಲಿಯ ಸರ್ಕಾರ ಕೊಡುವ ಗುರುತಿನ ಸಂಖ್ಯೆಗೆ, ಆಸ್ಪತ್ರೆಯ ಮೂಲಕ ಅರ್ಜಿ ಹೋಗಲಿಲ್ಲ. ಮೊದಲು ಹೆಸರು, ಆಮೇಲೆ ಜನನ ಪತ್ರ, ಆಮೇಲೆ ಸಂಖ್ಯೆ, ಕೊನೆಗೆ ವಿಮೆ, ಹೀಗೆ ಒಂದರ ಹಿಂದೆ ಒಂದು ಆಗಬೇಕೆಂದು ನಾವಿಬ್ಬರೂ ನಂಬಿದ್ದೆವು. ಯಾರೂ ನಮಗೆ ಹಾಗೆ ಹೇಳಿರಲಿಲ್ಲ. ಊರಿನಲ್ಲಿ ಕಾಗದಪತ್ರಗಳು ನಡೆಯುವ ಕ್ರಮ ತಲೆಯಲ್ಲಿ ಕೂತಿತ್ತು, ಅಷ್ಟೆ.

ನಾಲ್ಕನೆಯ ದಿನ ಮಗುವಿಗೆ ಕಾಮಾಲೆ ಹೆಚ್ಚಾಗಿ ಮತ್ತೆ ಆಸ್ಪತ್ರೆಗೆ ಸೇರಿಸಿ ಎರಡು ರಾತ್ರಿ ನೀಲಿ ದೀಪದ ಕೆಳಗೆ ಇಡಬೇಕಾಯಿತು. ಮೂವತ್ತೆಂಟನೆಯ ದಿನ, ಕೈಗೆ ಇನ್ನೂ ಸಂಖ್ಯೆ ಬಾರದೆ, ನಮ್ಮ ಯಜಮಾನರು ಕಂಪನಿಯ ಎಚ್.ಆರ್. ವಿಭಾಗಕ್ಕೆ ಫೋನು ಮಾಡಿದಾಗ ಅವಧಿ ಮುಗಿದಿದೆ ಎಂಬ ಉತ್ತರ ಬಂತು. ಸಂಖ್ಯೆ ಇಲ್ಲದೆಯೂ ಮಗುವನ್ನು ಸೇರಿಸಬಹುದಿತ್ತು, ಹುಟ್ಟಿದ ದಿನಾಂಕ ಸಾಕಿತ್ತು, ಹೆಸರನ್ನು ಆಮೇಲೆ ತಿದ್ದಿಕೊಳ್ಳಬಹುದಿತ್ತು ಎಂದು ಅದೇ ಫೋನಿನಲ್ಲಿ ಗೊತ್ತಾಯಿತು. ಆ ಸಂಜೆ ನಾನು ಅತ್ತದ್ದು ನೆನಪಿದೆ. ಪಕ್ಕದಲ್ಲಿ ನಮ್ಮತ್ತೆ ಬಾಣಂತಿಯ ಸಾರಿಗೆ ಮೆಣಸು ಕುಟ್ಟುತ್ತಿದ್ದರು. ಅವರಿಗಾಗಿ ಕಾದಿದ್ದರಿಂದ ಹೀಗಾಯಿತೆಂದು ಅವರಿಗೆ ತಿಳಿಯಬಾರದೆಂದು ಏನೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ತಾಯಿಯ ವಿಮೆಯೇ ಮಗುವನ್ನು ಒಂದು ತಿಂಗಳು ನೋಡಿಕೊಳ್ಳುತ್ತದೆ ಎಂದು ಅನೇಕರು ಧೈರ್ಯವಾಗಿರುತ್ತಾರೆ. ಕೆಲವು ರಾಜ್ಯಗಳ ಕಾನೂನಿನಲ್ಲಿ ಅಂಥ ವ್ಯವಸ್ಥೆ ಇರುವುದು ನಿಜ. ಆದರೆ ನೌಕರರ ವೈದ್ಯಕೀಯ ವೆಚ್ಚವನ್ನು ತಮ್ಮದೇ ಹಣದಿಂದ ಭರಿಸುವ ದೊಡ್ಡ ಕಂಪನಿಗಳ ಯೋಜನೆಗಳಿಗೆ ರಾಜ್ಯದ ವಿಮಾ ಕಾನೂನು ಅನ್ವಯಿಸುವುದಿಲ್ಲ, ನಮ್ಮವರಲ್ಲಿ ಬಹಳ ಮಂದಿ ದುಡಿಯುವುದು ಅಂಥ ಕಂಪನಿಗಳಲ್ಲೇ. ಮಗುವಿನ ಬಿಲ್ಲು ತಾಯಿಯ ಬಿಲ್ಲಿನಿಂದ ಬೇರೆಯಾಗಿ ಬರುತ್ತದೆ ಎಂಬುದೂ ನೆನಪಿರಲಿ. ನಮಗೆ ಬಂದ ಬಿಲ್ಲು ಯಜಮಾನರ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು.

ನಮ್ಮನ್ನು ಉಳಿಸಿದವರು ದೇವಸ್ಥಾನದಲ್ಲಿ ಪರಿಚಯವಾಗಿದ್ದ ಹಿರಿಯ ಕನ್ನಡತಿಯೊಬ್ಬರು. ಜನರು ತಾವೇ ವಿಮೆ ಕೊಳ್ಳುವ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ, ಎಂದರೆ ಇಲ್ಲಿಯ ಕವರ್ಡ್ ಕ್ಯಾಲಿಫೋರ್ನಿಯಾದಲ್ಲಿ, ಜನನದ ನಂತರ 60 ದಿನಗಳ ಅವಕಾಶವಿದೆ, ಮಗುವೊಂದಕ್ಕೇ ಪಾಲಿಸಿ ಮಾಡಿಸಬಹುದು, ಅದು ಹುಟ್ಟಿದ ದಿನದಿಂದಲೇ ಜಾರಿಗೆ ಬರುತ್ತದೆ ಎಂದು ಅವರು ಹೇಳಿದಾಗ ಐವತ್ತೊಂದನೆಯ ದಿನ. ಆಸ್ಪತ್ರೆ ಯಾವ ಪಾಲಿಸಿಯ ನೆಟ್‌ವರ್ಕ್‌ನಲ್ಲಿ, ಎಂದರೆ ಒಪ್ಪಂದದ ಆಸ್ಪತ್ರೆಗಳ ಪಟ್ಟಿಯಲ್ಲಿ, ಇದೆ ಎಂದು ಹುಡುಕಿ, ಹಿಂದಿನ ತಿಂಗಳುಗಳ ಪ್ರೀಮಿಯಂ ಕಟ್ಟಿ ಸೇರಿಸಿದೆವು. ಡಿಡಕ್ಟಿಬಲ್, ಎಂದರೆ ವಿಮೆ ಹಣ ಕೊಡುವ ಮುಂಚೆ ನಾವೇ ಭರಿಸಬೇಕಾದ ಮೊತ್ತ, ಪೂರ್ತಿ ನಮ್ಮ ಮೇಲೆಯೇ ಬಿತ್ತು, ಸಬ್ಸಿಡಿಯೂ ಸಿಗಲಿಲ್ಲ. ಆದರೂ ಸಾಲ ತಪ್ಪಿತು.

ಇಬ್ಬರೂ ಕೆಲಸದಲ್ಲಿದ್ದರೆ ಇನ್ನೊಂದು ಮಾತು. ಎರಡೂ ಕಡೆ ಸೇರಿಸಿದರೆ ರಕ್ಷಣೆ ಎರಡು ಪಟ್ಟಾಗುತ್ತದೆಂದು ತಿಳಿಯಬೇಡಿ. ತಂದೆತಾಯಿಯರಲ್ಲಿ ಯಾರ ಹುಟ್ಟುಹಬ್ಬ ವರ್ಷದಲ್ಲಿ ಮೊದಲು ಬರುತ್ತದೆಯೋ ಅವರ ವಿಮೆ ಮೊದಲು ಹಣ ಕೊಡಬೇಕೆಂಬುದು ಸಾಮಾನ್ಯ ನಿಯಮ, ಹುಟ್ಟಿದ ಇಸವಿ ಲೆಕ್ಕಕ್ಕಿಲ್ಲ. ಹೀಗಾಗಿ ಒಳ್ಳೆಯ ವಿಮೆ ಎರಡನೆಯದಾಗಿ ಉಳಿದುಬಿಡಬಹುದು. ಎರಡನ್ನೂ ತೂಗಿ ನೋಡಿ, ಹೆರಿಗೆಗೆ ಮುಂಚೆಯೇ ಒಂದನ್ನು ಆರಿಸಿಕೊಳ್ಳಿ.

ಆಸ್ಪತ್ರೆಯವರು ಮಗುವನ್ನು ಮೊದಲು ತಾಯಿಯ ಕೊನೆಯ ಹೆಸರಿನಲ್ಲಿ ಬರೆದುಕೊಳ್ಳುವುದುಂಟು. ನನ್ನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಾಗಿರುವುದು ನನ್ನ ತಂದೆಯದು, ವಿಮೆಯ ಕಾರ್ಡಿನಲ್ಲಿ ಮಗನ ಕೊನೆಯ ಹೆಸರು ಅವನ ತಂದೆಯದು, ಇವೆರಡೂ ಒಂದೇ ಮಗುವೆಂದು ಒಪ್ಪಿಸಲು ಬಿಲ್ಲಿಂಗ್ ವಿಭಾಗಕ್ಕೆ ನಾಲ್ಕು ಸಲ ಫೋನು ಮಾಡಬೇಕಾಯಿತು. ಕಾರ್ಡು ಬಂದ ಕೂಡಲೇ ನೀವೇ ಅವರಿಗೆ ತಿಳಿಸಿ. ಅರ್ಜಿಗಳಲ್ಲಿ ಹೆಸರಿಗೆ ಇದ್ದದ್ದು ಮೊದಲನೆಯದು ಮತ್ತು ಕೊನೆಯದು ಎಂಬ ಎರಡು ಮನೆಗಳು. ನಮ್ಮ ಮಾವನವರ ಹೆಸರಿನ ಮುಂದೆ, ಅವರ ತಂದೆಯ ಹೆಸರಿನ ಮುಂದೆ ನಿಂತಿದ್ದ ಊರಿನ ಅಕ್ಷರಕ್ಕೆ ಅಲ್ಲಿ ಜಾಗವಿರಲಿಲ್ಲ. ಹಣದ ಗಾಬರಿಯಲ್ಲಿ ಆ ಅಕ್ಷರ ಬಿಟ್ಟುಹೋದದ್ದು ನಮಗೆ ಗೊತ್ತೇ ಆಗಲಿಲ್ಲ. ಮಗ ಎಂಟು ವರ್ಷದವನಾಗಿದ್ದಾಗ ತೀರ್ಥಹಳ್ಳಿಯ ಮನೆಯ ಗೋಡೆಯ ಮೇಲಿನ ಪಟಗಳನ್ನು ನೋಡುತ್ತಾ, ಇವರೆಲ್ಲರ ಹೆಸರಿಗೂ ಇರುವ ಈ ಅಕ್ಷರ ನನಗೇಕಿಲ್ಲ ಎಂದು ಅವನು ಕೇಳಿದ.

ಉಳಿದ ಕಾಗದಗಳು ದೊಡ್ಡದಲ್ಲ: ಆಸ್ಪತ್ರೆ ಕೊಡುವ ಜನನದ ದಾಖಲೆ, ಎಚ್.ಆರ್. ಅರ್ಜಿ, ಬಂದಾಗ ಸಂಖ್ಯೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ನಮ್ಮ ಹಿರಿಯರು ತಡೆದದ್ದು ಮಗುವಿಗೆ ಕೇಡಾಗದಿರಲೆಂಬ ಭಯದಿಂದ. ಆ ಭಯವನ್ನು ನಾನು ಗೌರವಿಸುತ್ತೇನೆ. ಆದರೂ ಏಳನೆಯ ತಿಂಗಳಲ್ಲೇ ಎಚ್.ಆರ್.ಗೆ ಫೋನು ಮಾಡಿ, ಕೊನೆಯ ದಿನವನ್ನು ಹೇಗೆ ಎಣಿಸುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿ. 2018ರಲ್ಲಿ ಮಗಳು ಹುಟ್ಟಿದಾಗ ಯಜಮಾನರು ಎರಡನೆಯ ಬೆಳಿಗ್ಗೆ ವಾರ್ಡಿನಿಂದಲೇ ಅವಳನ್ನು ವಿಮೆಗೆ ಸೇರಿಸಿದರು. ನಾಮಕರಣ ಅತ್ತೆಯವರು ಬಂದ ಮೇಲೆಯೇ ನಡೆಯಿತು. ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುವಾಗ ಅವರು ಊರಿನ ಅಕ್ಷರವನ್ನೂ ಮುಂದೆ ಸೇರಿಸಿ ಬರೆಸಿದರು.